ನಿರಾಶ್ರಿತ ಮತ್ತು ಸ್ಥಳೀಯ ಯುವಜನರ ಡಿಜಿಟಲ್ ಕಥಾ ಶಿಬಿರ: ಅನುಮತಿ ಪತ್ರದಿಂದ ಪ್ರದರ್ಶನದವರೆಗೆ

ನಿರಾಶ್ರಿತ ಯುವಜನರನ್ನೂ ಸ್ಥಳೀಯ ಯುವಜನರನ್ನೂ ಒಟ್ಟಿಗೆ ಕೂರಿಸಿ, ಪ್ರತಿಯೊಬ್ಬರಿಂದ ಎರಡು-ಮೂರು ನಿಮಿಷದ ಒಂದೊಂದು ಡಿಜಿಟಲ್ ಕಥೆ (ಸ್ವಂತ ದನಿಗೆ ಚಿತ್ರಗಳನ್ನು ಜೋಡಿಸಿದ ಕಿರುಚಿತ್ರ) ಮಾಡಿಸುವ ಶಿಬಿರ ಈಗಷ್ಟೇ ಮುಗಿದಿದೆ. ಕೊನೆಯ ಫೈಲು ಹಾರ್ಡ್ ಡಿಸ್ಕಿಗೆ ಇಳಿದಿದೆ, ಎರಡನೇ ಸುತ್ತಿನ ಒಪ್ಪಿಗೆ ಪತ್ರಗಳಿಗೆ ಸಹಿ ಬಿದ್ದಿದೆ. ಶುರು ಮಾಡುವ ಮುಂಚೆ ಎಲ್ಲರೂ ಕ್ಯಾಮೆರಾ, ಲ್ಯಾಪ್‌ಟಾಪು, ಎಡಿಟಿಂಗಿನ ಬಗ್ಗೆಯೇ ಕೇಳುತ್ತಾರೆ. ಹೊತ್ತನ್ನೂ ಹಣವನ್ನೂ ತಿಂದದ್ದು ಮಾತ್ರ ಅನುಮತಿ, ದುಭಾಷಿ, ಒಪ್ಪಿಗೆ ಮತ್ತು ಸಬ್‌ಟೈಟಲ್. ಇದೇ ಕೆಲಸಕ್ಕೆ ಕೈಹಾಕಲಿರುವವರಿಗೆ ಯಾವುದು ಯಾವಾಗ ಬೇಕಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ಅದಕ್ಕೇ ಈ ಬರಹ.

ಮೊದಲಿಗೆ ಒಂದು ಮಾತು. ನಿರಾಶ್ರಿತರು ಕಥೆ ಹೇಳುವುದು, ಸ್ಥಳೀಯರು ಅದನ್ನು ಚಿತ್ರೀಕರಿಸುವುದು ಎಂಬ ಏರ್ಪಾಟು ಮಾಡಲೇಬೇಡಿ. ಯೋಜನೆ ಬರೆಯುವಾಗ ಅದೇ ಸಹಜ ಅನ್ನಿಸುತ್ತದೆ, ಹಣ ಕೊಡುವವರೂ ಬಹಳ ಸಲ ಅದನ್ನೇ ಕೇಳುತ್ತಾರೆ. ಆದರೆ ಹಾಗೆ ಮಾಡಿದ ಕೂಡಲೇ ಒಬ್ಬ ಪ್ರಶ್ನೆ ಕೇಳುವವನಾಗುತ್ತಾನೆ, ಇನ್ನೊಬ್ಬ ಉತ್ತರ ಕೊಡಬೇಕಾದವನಾಗುತ್ತಾನೆ. ಗಡಿಯಲ್ಲಿ, ನೋಂದಣಿ ಕಚೇರಿಯಲ್ಲಿ, ಶಾಲೆಯ ದಾಖಲಾತಿಯಲ್ಲಿ ಆ ಹುಡುಗ ಕೂತು ಬಂದ ಕುರ್ಚಿಯಲ್ಲೇ ಅವನನ್ನು ಮತ್ತೆ ಕೂರಿಸಿದ ಹಾಗಾಗುತ್ತದೆ. ಎರಡೂ ಕಡೆಯವರು ತಮ್ಮ ಬದುಕಿನದೇ ಒಂದು ಕಥೆ ಹೇಳಬೇಕು, ಎರಡೂ ಕಡೆಯವರು ಇನ್ನೊಬ್ಬರ ಕಥೆಗೆ ಕೈಜೋಡಿಸಬೇಕು. ಇದೊಂದನ್ನು ಬಿಟ್ಟುಕೊಡದಿದ್ದರೆ ಉಳಿದ ತೊಡಕುಗಳಿಗೆಲ್ಲ ಏನಾದರೊಂದು ದಾರಿ ಇದೆ.

ಇದು ಬರೀ ನಮ್ಮ ಹಟವಲ್ಲ. ಎರಡು ಗುಂಪಿನವರು ಎದುರುಬದುರಾದ ಮಾತ್ರಕ್ಕೆ ಪೂರ್ವಗ್ರಹ ಕರಗುವುದಿಲ್ಲ ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದಿದ್ದರು. ಸಮಾನ ಸ್ಥಾನ, ಒಂದೇ ಗುರಿ, ಪೈಪೋಟಿಯಿಲ್ಲದ ಸಹಕಾರ, ಹೊಣೆ ಹೊತ್ತ ಸಂಸ್ಥೆಗಳ ಬೆಂಬಲ, ಈ ನಾಲ್ಕೂ ಇರಬೇಕು ಎಂಬುದು ಅವರ ಮಾತು. 2006ರಲ್ಲಿ ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಒಡನಾಟದಿಂದ ಪೂರ್ವಗ್ರಹ ಸಾಮಾನ್ಯವಾಗಿ ತಗ್ಗುತ್ತದೆ, ಈ ನಾಲ್ಕೂ ಇದ್ದಲ್ಲಿ ಇನ್ನಷ್ಟು ತಗ್ಗುತ್ತದೆ ಎಂದು ಕಂಡುಬಂತು. ಶಿಬಿರದ ಪ್ರತಿ ತೀರ್ಮಾನವನ್ನೂ ಈ ನಾಲ್ಕಕ್ಕೆ ಒರೆಹಚ್ಚಿ ನೋಡಿ. ಯಾರ ಹತ್ತಿರ ಒಳ್ಳೆಯ ಫೋನು ಇದೆ, ಯಾರ ಭಾಷೆಯಲ್ಲಿ ಸೂಚನೆ ಕೊಡುತ್ತೀರಿ, ಯಾರು ಮೊದಲು ಬಂದು ಜಾಗ ಹಿಡಿಯುತ್ತಾರೆ ಎಂಬ ಚಿಲ್ಲರೆ ಸಂಗತಿಗಳಲ್ಲೇ ಸಮಾನತೆ ಮುರಿಯುವುದು. ಎಲ್ಲರಿಗೂ ಶಿಬಿರದಿಂದಲೇ ಒಂದೇ ಬಗೆಯ ಫೋನು, ಒಂದೇ ಬಗೆಯ ಹೆಡ್‌ಫೋನು ಕೊಟ್ಟರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ಡಿಜಿಟಲ್ ಕಥೆ ಎಂಬ ಈ ಪ್ರಕಾರವೂ ಹೊಸದಲ್ಲ. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೋ ಲ್ಯಾಂಬರ್ಟ್, ಡೇನಾ ಆಚ್ಲಿ, ನೀನಾ ಮುಲ್ಲೆನ್ ಕಟ್ಟಿದ ಕೇಂದ್ರದಲ್ಲಿ ಇದಕ್ಕೊಂದು ರೂಪ ಬಂತು. ಆಮೇಲೆ ಬರ್ಕ್‌ಲಿಗೆ ಹೋದ ಆ ಕೇಂದ್ರದ ಈಗಿನ ಹೆಸರು ಸ್ಟೋರಿಸೆಂಟರ್. ಬಿಬಿಸಿ 2001ರಿಂದ 2008ರವರೆಗೆ ವೇಲ್ಸಿನ ಊರೂರಿಗೆ ಹೋಗಿ ಜನಸಾಮಾನ್ಯರಿಂದ ಇದೇ ಬಗೆಯ ಕಿರುಕಥೆಗಳನ್ನು ಮಾಡಿಸಿತ್ತು. ಸೂತ್ರ ಸರಳ: ಹೇಳುವವರ ಸ್ವಂತ ದನಿ, ಹತ್ತಿಪ್ಪತ್ತು ಚಿತ್ರ, ಸ್ವಲ್ಪ ಸದ್ದು ಅಥವಾ ಸಂಗೀತ, ಎಲ್ಲ ಸೇರಿ ಮೂರು ನಿಮಿಷದೊಳಗೆ. ಮುಖ ತೋರಿಸಲೇಬೇಕೆಂದಿಲ್ಲ. ಮುಖ ಕಾಣಿಸಿದರೆ ಅಪಾಯವಿರುವವರಿಗೆ ಸಾಕ್ಷ್ಯಚಿತ್ರಕ್ಕಿಂತ ಇದು ಒಪ್ಪುವುದು ಈ ಕಾರಣಕ್ಕೇ.

ಇನ್ನು ಅನುಮತಿ. ಇಲ್ಲಿ ಕಾಯುವುದು ತಪ್ಪುವುದಿಲ್ಲ, ಆದರೆ ಅರ್ಜಿಗಳ ಸರದಿ ಸರಿಯಿದ್ದರೆ ಕಾಯುವ ಹೊತ್ತು ತಗ್ಗುತ್ತದೆ. ಮೊದಲ ಕಾಗದ, ನಿರಾಶ್ರಿತರ ನಡುವೆ ಈಗಾಗಲೇ ಕೆಲಸ ಮಾಡುತ್ತಿರುವ ಸಂಸ್ಥೆಯೊಂದರ ಪಾಲುದಾರಿಕೆ ಪತ್ರ. ಅದು ಕೈಯಲ್ಲಿಲ್ಲದೆ ವಸತಿ ಕೇಂದ್ರಕ್ಕಾಗಲಿ ಶಾಲೆಗಾಗಲಿ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ, ನಿಲ್ಲಿಸುವುದು ಸರಿಯೂ ಹೌದು. ಎರಡನೆಯದು ಮಕ್ಕಳ ರಕ್ಷಣಾ ನೀತಿ: ಹೊಣೆಗಾರರು ಯಾರು, ದೂರು ಯಾರಿಗೆ ಕೊಡಬೇಕು, ಮಕ್ಕಳೊಂದಿಗೆ ದೊಡ್ಡವರು ಒಬ್ಬರೇ ಉಳಿಯದಂತೆ ಏನು ವ್ಯವಸ್ಥೆ ಎಂದು ಎರಡು ಪುಟದಲ್ಲಿ ಬರೆದದ್ದು. ಮೂರನೆಯದು ಶಿಬಿರದ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆ. ಎಲ್ಲಕ್ಕಿಂತ ತಡವಾಗುವುದು ಇದೇ, ದುಭಾಷಿಗಳಿಗಂತೂ ಇನ್ನೂ ತಡ. ಅದಕ್ಕೇ ದುಭಾಷಿ ಗೊತ್ತಾದ ದಿನವೇ ಅರ್ಜಿ ಹಾಕಿಬಿಡಿ. ನಾಲ್ಕನೆಯದು ಪೋಷಕರ ಸಹಿ.

ಪೋಷಕರ ಸಹಿಯಲ್ಲಿ ಎಡವದವರು ಕಡಿಮೆ. ಒಂಟಿಯಾಗಿ ಬಂದ ಹದಿಹರೆಯದವರಿಗೆ ಅಪ್ಪ ಅಮ್ಮ ಹತ್ತಿರವಿರುವುದಿಲ್ಲ. ಜೊತೆಗಿರುವ ಚಿಕ್ಕಪ್ಪನೋ ಅಣ್ಣನೋ ಕಾನೂನಿನ ಕಣ್ಣಿಗೆ ಪೋಷಕನಾಗಿರಲಿಕ್ಕಿಲ್ಲ. ಸರ್ಕಾರ ನೇಮಿಸಿದ ಪಾಲಕರು ಅಥವಾ ಮಕ್ಕಳ ಕಲ್ಯಾಣ ಅಧಿಕಾರಿ ಸಹಿ ಹಾಕಬೇಕು, ಅವರ ಕೈಯಲ್ಲಿ ಇಂಥ ಹತ್ತಾರು ಮಕ್ಕಳ ಕಡತ ಇರುತ್ತವೆ. ಪತ್ರ ಕಳಿಸಿ ಸುಮ್ಮನಾದರೆ ಅದು ಅಲ್ಲೇ ಉಳಿಯುತ್ತದೆ. ಒಂದು ಪುಟದ ಸಾರಾಂಶ, ಖಾಲಿ ಒಪ್ಪಿಗೆ ಪತ್ರ, ಹಳೆಯ ಯಾವುದಾದರೂ ಒಂದು ಮಾದರಿ ಕಥೆ ಒಟ್ಟಿಗೆ ಕಳಿಸಿ ಫೋನಿನಲ್ಲಿ ಮಾತಾಡಿದರೆ ಕೆಲಸ ಮುಂದಕ್ಕೆ ಹೋಗುತ್ತದೆ. ವಯಸ್ಸಿನ ಮಿತಿ ದೇಶಕ್ಕೊಂದು. ಯೂರೋಪಿನ ದತ್ತಾಂಶ ರಕ್ಷಣಾ ಕಾನೂನಾದ ಜಿಡಿಪಿಆರ್ ಪ್ರಕಾರ ಆನ್‌ಲೈನ್ ಸೇವೆಗಳಿಗೆ ಮಕ್ಕಳೇ ಒಪ್ಪಿಗೆ ಕೊಡಬಹುದಾದ ವಯಸ್ಸು 16, ಸದಸ್ಯ ದೇಶಗಳು ಅದನ್ನು 13ರವರೆಗೆ ಇಳಿಸಿಕೊಳ್ಳಬಹುದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಪೋಷಕರು ಸಹಿ ಹಾಕಿದರೆಂದು ಹುಡುಗಿಯನ್ನು ಕೇಳದೆ ಬಿಡುವಂತಿಲ್ಲ. ತನಗೆ ಸಂಬಂಧಿಸಿದ ಎಲ್ಲದರಲ್ಲೂ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೇ ಹೇಳುತ್ತದೆ.

ಆಶ್ರಯದ ಅರ್ಜಿ ಇನ್ನೂ ವಿಚಾರಣೆಯಲ್ಲಿರುವವರ ವಿಷಯದಲ್ಲಿ ಇನ್ನೊಂದು ಹೆಜ್ಜೆ ಕಡ್ಡಾಯ. ಅಧಿಕಾರಿಯ ಮುಂದೆ ಕೊಟ್ಟ ಹೇಳಿಕೆಯಲ್ಲಿರುವ ದಿನಾಂಕ, ಊರು, ದಾರಿ ಒಂದು, ಕಥೆಯಲ್ಲಿ ಬರುವುದು ಇನ್ನೊಂದು ಎಂದಾದರೆ ಆ ವ್ಯತ್ಯಾಸ ಅರ್ಜಿದಾರರ ಮೇಲೇ ತಿರುಗಬಹುದು. ಕಥೆಯಲ್ಲಿ ನೆನಪು ಹಿಗ್ಗುವುದು, ಎರಡು ದಿನ ಒಂದಾಗುವುದು ಸಹಜ, ಕಡತ ಅದನ್ನು ಸಹಿಸುವುದಿಲ್ಲ. ಹಾಗಾಗಿ ಸ್ಕ್ರಿಪ್ಟನ್ನು ಅವರ ವಕೀಲರು ಓದಿ ಸರಿಯೆಂದ ಮೇಲೆಯೇ ದನಿ ಮುದ್ರಣ. ವಕೀಲರಿಗೆ ಇದಕ್ಕಾಗಿ ಒಂದು ವಾರವಾದರೂ ಬಿಡಿ. ಪ್ರಯಾಣದ ಕಥೆಯನ್ನೇ ಆರಿಸಿಕೊಳ್ಳದಿದ್ದರೆ ಈ ಗಂಟು ಬಹುಪಾಲು ಬೀಳುವುದೇ ಇಲ್ಲ.

ಒಪ್ಪಿಗೆ ಪತ್ರವನ್ನು ಒಂದೇ ಸಹಿಯಲ್ಲಿ ಮುಗಿಸಬೇಡಿ. ಶಿಬಿರಕ್ಕೆ ಬರಲು ಒಪ್ಪಿಗೆ, ದನಿ ಮುದ್ರಿಸಲು ಒಪ್ಪಿಗೆ, ಶಿಬಿರದವರ ಮುಂದೆ ಮಾತ್ರ ತೋರಿಸಲು, ಆಹ್ವಾನಿತರ ಮುಂದೆ ತೋರಿಸಲು, ಅಂತರ್ಜಾಲಕ್ಕೆ ಏರಿಸಲು, ಸಂಗ್ರಹದಲ್ಲಿ ಇಡಲು, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಚೌಕ ಇರಲಿ. ಮೊದಲ ಮೂರಕ್ಕೆ ಶುರುವಿನಲ್ಲೇ ಸಹಿ ತೆಗೆದುಕೊಳ್ಳಿ. ಉಳಿದವಕ್ಕೆ ಚಿತ್ರ ಪೂರ್ತಿಯಾಗಿ, ಅವರೇ ಅದನ್ನು ನೋಡಿ, ಒಂದು ರಾತ್ರಿ ಕಳೆದ ಮೇಲೆ ಕೇಳಿ. ಇನ್ನೂ ಮಾಡದ ಚಿತ್ರವೊಂದನ್ನು ಜಗತ್ತಿಗೆ ತೋರಿಸಲು ಯಾರೂ ತಿಳಿದು ಒಪ್ಪಲಾರರು. ಒಮ್ಮೆ ಜಾಲಕ್ಕೆ ಏರಿದ್ದನ್ನು ನಾವು ಅಳಿಸಿದರೂ ಬೇರೆಯವರು ಇಳಿಸಿಕೊಂಡ ಪ್ರತಿಯನ್ನು ಅಳಿಸಲಾಗುವುದಿಲ್ಲ ಎಂಬುದನ್ನು ಪತ್ರದಲ್ಲಿ ಬರೆದರೆ ಸಾಲದು, ಅವರ ಭಾಷೆಯಲ್ಲಿ ಬಾಯಿಬಿಟ್ಟು ಹೇಳಬೇಕು.

ಗುಂಪು ಎಷ್ಟು ದೊಡ್ಡದಿರಬೇಕು? ಎಂಟರಿಂದ ಹತ್ತು ಜನ, ಎರಡೂ ಕಡೆಯಿಂದ ಸಮಸಮ. ಎಲ್ಲರೂ ಸುತ್ತ ಕೂತು ತಮ್ಮ ಕಥೆಯ ಎಳೆ ಹೇಳುವ ಕಥಾವೃತ್ತದಲ್ಲಿ ಒಬ್ಬೊಬ್ಬರಿಗೆ ದುಭಾಷಿಯ ಹೊತ್ತೂ ಸೇರಿ ಇಪ್ಪತ್ತು ನಿಮಿಷ ಬೇಕು, ಅಂದರೆ ಹತ್ತು ಜನರಿಗೆ ಸಣ್ಣ ಬಿಡುವೂ ಸೇರಿ ಮೂರೂವರೆ ಗಂಟೆ. ಹದಿನೈದು ಜನ ಕೂತರೆ ಕಡೆಯ ಐವರ ಕಥೆ ಕೇಳುವ ತ್ರಾಣ ಯಾರಿಗೂ ಉಳಿದಿರುವುದಿಲ್ಲ. ಅವರಿಗೂ ಅದು ಅರ್ಥವಾಗುತ್ತದೆ. ಸ್ಥಳೀಯರನ್ನು ಆರಿಸುವಾಗ ಈಗಾಗಲೇ ನಿರಾಶ್ರಿತರ ಪರ ಕೆಲಸ ಮಾಡುವವರನ್ನೇ ತುಂಬಿಕೊಳ್ಳಬೇಡಿ. ಅದೇ ಬೀದಿಯಲ್ಲಿದ್ದೂ ಯಾವತ್ತೂ ಮಾತಾಡದವರು ಬರಬೇಕು. ಅವರು ತಾವಾಗಿ ಬರುವುದಿಲ್ಲ. ಕ್ರೀಡಾ ತಂಡ, ವೃತ್ತಿ ತರಬೇತಿ ಕೇಂದ್ರ, ಗ್ರಂಥಾಲಯದ ಮೂಲಕ ಕರೆಸಬೇಕು. ಕರೆಯುವಾಗ ‘ನಿರಾಶ್ರಿತರೊಂದಿಗೆ’ ಎಂಬುದನ್ನು ಮುಚ್ಚಿಡದೆ, ‘ಚಿತ್ರ ಮಾಡುವುದನ್ನು ಕಲಿಯಿರಿ’ ಎಂಬುದನ್ನು ಮುಂದಿಡಬೇಕು.

ದುಭಾಷಿಯನ್ನು ಗೊತ್ತುಮಾಡುವಾಗ ಭಾಷೆ ಬಂದರೆ ಸಾಕೆಂದುಕೊಳ್ಳಬೇಡಿ. ಮನೆಯವರೇ ದುಭಾಷಿಯಾದರೆ ಹುಡುಗಿ ಅರ್ಧ ಕಥೆ ನುಂಗುತ್ತಾಳೆ. ಒಂದೇ ಭಾಷೆ ಆಡಿದರೂ ಯುದ್ಧದಲ್ಲಿ ಎದುರು ಪಕ್ಷದವರಾಗಿದ್ದರೆ ಬಾಯಿ ಬಿಡುವುದೇ ಇಲ್ಲ. ಅರೇಬಿಕ್, ಕುರ್ದಿಶ್‌ನಂಥ ಭಾಷೆಗಳಲ್ಲಿ ಒಂದು ಪ್ರದೇಶದವರ ಮಾತು ಇನ್ನೊಂದು ಪ್ರದೇಶದವರಿಗೆ ಸರಿಯಾಗಿ ತಿಳಿಯದೆ ಹೋಗಬಹುದು, ಆದ್ದರಿಂದ ಯಾವ ಸೀಮೆಯ ಮಾತು ಎಂದು ಮೊದಲೇ ಕೇಳಿ. ಆಯ್ಕೆಯಾದ ದುಭಾಷಿಯ ಹೆಸರನ್ನು ಭಾಗವಹಿಸುವವರಿಗೆ ಮುಂಚಿತವಾಗಿ ತಿಳಿಸಿ, ಬೇಡವೆನ್ನುವ ಅವಕಾಶ ಕೊಡಿ. ಕಾರಣ ಕೇಳಬೇಡಿ. ದುಭಾಷಿಗಳಿಗೂ ನಡುನಡುವೆ ಬಿಡುವು ಬೇಕು. ಕಷ್ಟದ ಕಥೆಯನ್ನು ‘ನಾನು, ನಾನು’ ಎಂದು ತಮ್ಮ ಬಾಯಲ್ಲೇ ಹೇಳುವುದರಿಂದ ಅವರಿಗೆ ಆಗುವ ದಣಿವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಶಿಬಿರದ ಮೊದಲ ದಿನ ಕಥೆ ಬೇಡ. ಇಬ್ಬಿಬ್ಬರ ಜೋಡಿ ಮಾಡಿ ಫೋನು ಕೊಟ್ಟು, ಅರ್ಧ ಗಂಟೆಯಲ್ಲಿ ಐದು ಚಿತ್ರ ತೆಗೆದು ತನ್ನಿ ಎಂದು ಹೊರಗೆ ಕಳಿಸಿ: ಒಂದು ನೆರಳು, ಒಂದು ಕೈ, ಯಾವುದೋ ಒಂದು ಬಾಗಿಲು, ಹೀಗೆ. ಭಾಷೆ ಬಾರದಿದ್ದರೂ ಇದನ್ನು ಮಾಡಬಹುದು. ವಾಪಸು ಬರುವ ಹೊತ್ತಿಗೆ ಯಾವ ಚಿತ್ರ ಇಟ್ಟುಕೊಳ್ಳುವುದು, ಯಾವುದು ಬೇಡ ಎಂಬ ಜಗಳ ಶುರುವಾಗಿರುತ್ತದೆ. ಅದು ಒಳ್ಳೆಯ ಲಕ್ಷಣ.

ಮಾರನೇ ದಿನ ಕಥಾವೃತ್ತ. ಎಲ್ಲರೂ ಸುತ್ತ ಕೂತು ಒಬ್ಬೊಬ್ಬರಾಗಿ ಕಥೆಯ ಎಳೆ ಹೇಳುತ್ತಾರೆ. ‘ನೀನು ಇಲ್ಲಿಗೆ ಹೇಗೆ ಬಂದೆ’ ಎಂಬ ಪ್ರಶ್ನೆಯನ್ನು ಮುಲಾಜಿಲ್ಲದೆ ನಿಷೇಧಿಸಿ. ನಮ್ಮಲ್ಲಿ ಚೆನ್ನಾಗಿ ನಡೆದ ಪ್ರಶ್ನೆಗಳು ಇವು: ನಿನ್ನ ಕೈ ಕಲಿತ ಒಂದು ಕೆಲಸ, ಯಾರೋ ನಿನ್ನ ಹೆಸರನ್ನು ಸರಿಯಾಗಿ ಕರೆದ ದಿನ, ನೀನು ಮನಸ್ಸು ಬದಲಿಸಿದ ಒಂದು ಗಳಿಗೆ, ನಿನಗೆ ಮಾತ್ರ ಗೊತ್ತಿರುವ ಒಂದು ಜಾಗ. ಇವು ಎರಡೂ ಕಡೆಯವರಿಗೆ ಒಂದೇ ಅಳತೆಯ ಪ್ರಶ್ನೆಗಳು. ಸ್ಥಳೀಯ ಹುಡುಗರು ‘ನನ್ನ ಹತ್ತಿರ ಹೇಳಿಕೊಳ್ಳುವಂಥ ಕಥೆ ಏನೂ ಇಲ್ಲ’ ಎಂದು ಹಿಂದೇಟು ಹಾಕುವುದು ಖಂಡಿತ. ಪಕ್ಕದವರ ಕಷ್ಟದ ಮುಂದೆ ತಮ್ಮದನ್ನು ಹೇಳಲು ಅವರಿಗೆ ನಾಚಿಕೆ. ಆ ನಾಚಿಕೆಯನ್ನು ಹಾಗೇ ಬಿಟ್ಟರೆ ಅವರು ಪ್ರೇಕ್ಷಕರಾಗಿಬಿಡುತ್ತಾರೆ, ಅಲ್ಲಿಗೆ ಸಮಾನ ಸ್ಥಾನ ಹೋಯಿತು. ಹಿಂದಿನ ದಿನವೇ ಅವರ ಜೊತೆ ಬೇರೆಯಾಗಿ ಕೂತು ಒಂದು ಎಳೆ ಹುಡುಕಿಕೊಡಬೇಕು. ಅಣ್ಣನ ಜೊತೆ ಮಾತು ಬಿಟ್ಟದ್ದು, ಪರೀಕ್ಷೆಯಲ್ಲಿ ಫೇಲಾದದ್ದನ್ನು ಮನೆಯಲ್ಲಿ ಮುಚ್ಚಿಟ್ಟದ್ದು ಎಲ್ಲವೂ ಕಥೆಯೇ.

ಕೇಳುವವರಿಗೆ ಒಂದು ಕಟ್ಟುಪಾಡು ಇರಲಿ. ‘ನನಗೆ ಇದು ಎದ್ದು ಕಂಡಿತು’, ‘ಇದರ ಬಗ್ಗೆ ಇನ್ನಷ್ಟು ಕೇಳಬೇಕೆನಿಸಿತು’ ಎಂದು ಶುರುವಾಗುವ ಮಾತು ಮಾತ್ರ ಆಡಬಹುದು, ಸಲಹೆ ಕೂಡದು. ಒಬ್ಬ ಆಪ್ತ ಸಮಾಲೋಚಕರು ಕೋಣೆಯಲ್ಲೇ ಇರಬೇಕು, ಪಕ್ಕದಲ್ಲೊಂದು ಖಾಲಿ ಕೋಣೆಯೂ ಬೇಕು. ಸಿಬ್ಬಂದಿಯೆಲ್ಲರೂ ಮಾನಸಿಕ ಪ್ರಥಮ ಚಿಕಿತ್ಸೆಯ ಮೂಲ ಪಾಠ ಕಲಿತಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರರು 2011ರಲ್ಲಿ ಹೊರತಂದ ಕೈಪಿಡಿಯ ಸಾರ ಗಮನಿಸು, ಆಲಿಸು, ನೆರವಿಗೆ ಜೋಡಿಸು ಎಂಬುದು. ಯಾರಾದರೂ ಅತ್ತರೆ ಕ್ಯಾಮೆರಾ ಕೈಯಲ್ಲಿರಬಾರದು. ವೃತ್ತದ ಮಾತನ್ನು ಮುದ್ರಿಸಲೇಬೇಡಿ. ‘ಆಮೇಲೆ ಉಪಯೋಗಕ್ಕೆ ಬಂದೀತು’ ಎಂಬ ಆಸೆ ಹುಟ್ಟುತ್ತದೆ, ಅದಕ್ಕೆ ಮಣಿಯಬೇಡಿ.

ಸ್ಕ್ರಿಪ್ಟಿಗೆ ಇಂಗ್ಲಿಷಿನಲ್ಲಿ 250ರಿಂದ 300 ಪದ ಎಂಬ ಲೆಕ್ಕ ಎಲ್ಲ ಕಡೆ ಸಿಗುತ್ತದೆ. ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ಕನ್ನಡದಂಥ ಭಾಷೆಗಳಿಗೆ ಅದು ಹೊಂದುವುದಿಲ್ಲ. ಪದ ಎಣಿಸುವ ಬದಲು ಗಟ್ಟಿಯಾಗಿ ಓದಿಸಿ ಗಡಿಯಾರ ನೋಡಿ, ಎರಡೂವರೆ ನಿಮಿಷ ಮೀರಿದರೆ ಕತ್ತರಿಸಿ. ಬರೆದು ರೂಢಿಯಿಲ್ಲದವರಿಗೆ ಕಾಗದ ಕೊಡಬೇಡಿ. ರೋಹಿಂಗ್ಯಾ ಆಡುವ ಹಲವರಿಗೆ ಆ ಭಾಷೆಯನ್ನು ಬರೆದು ಗೊತ್ತಿಲ್ಲ. ಅದರ ಹನೀಫಿ ಲಿಪಿ ಯೂನಿಕೋಡಿಗೆ (ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳಿಗೂ ಬಳಸುವ ಒಂದೇ ಸಂಕೇತ ವ್ಯವಸ್ಥೆ) ಸೇರಿದ್ದೇ 2018ರಲ್ಲಿ. ಅವರು ಬಾಯಲ್ಲಿ ಹೇಳಲಿ, ಜೋಡಿಯವರು ಆರೇಳು ಚೌಕದಲ್ಲಿ ಚಿತ್ರ ಬಿಡಿಸಿಕೊಳ್ಳಲಿ. ಆ ಚೌಕಗಳನ್ನು ನೋಡಿಕೊಂಡೇ ದನಿ ಮುದ್ರಿಸಬಹುದು. ಓದಿ ಹೇಳಿದ್ದಕ್ಕಿಂತ ಅದೇ ಜೀವಂತವಾಗಿರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಸ್ಥಳೀಯರಿಗೂ ಹಾಗೇ ಮಾಡಿಸಿ.

ದನಿ ಮುದ್ರಣಕ್ಕೆ ಸ್ಟುಡಿಯೋ ಬೇಡ, ಪರದೆ ಮತ್ತು ಹಾಸಿಗೆ ಇರುವ ಚಿಕ್ಕ ಕೋಣೆ ಸಾಕು. ಬರಿಗೋಡೆಯ ಕೋಣೆಯಲ್ಲಿ ದನಿ ಮಾರ್ದನಿಸುತ್ತದೆ, ಎಡಿಟಿಂಗಿನಲ್ಲಿ ಅದನ್ನು ತೆಗೆಯುವುದು ಕಷ್ಟ. ಫ್ಯಾನು, ಎಸಿ, ಫ್ರಿಜ್ಜು ನಿಲ್ಲಿಸಿ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಬಾಯಿಂದ ಒಂದು ಗೇಣು ದೂರದಲ್ಲಿ, ನೇರ ಮುಂದೆ ಹಿಡಿಯದೆ ಸ್ವಲ್ಪ ಪಕ್ಕಕ್ಕೆ ಇಡಿ. ಇಲ್ಲದಿದ್ದರೆ ಪ, ಬ ಅಕ್ಷರಗಳಲ್ಲಿ ಉಸಿರು ಬಡಿದು ಧಪ್ ಎನ್ನುತ್ತದೆ. ಮುದ್ರಣ ದನಿಯನ್ನು ಕುಗ್ಗಿಸದ ವೇವ್ ಫೈಲಿನಲ್ಲಿ, 48 ಕಿಲೋಹರ್ಟ್ಸ್. ಮೀಟರಿನಲ್ಲಿ ಸದ್ದಿನ ಏರಿಕೆ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇರಲಿ. ಕೊನೆಗೆ ಯಾರೂ ಮಾತಾಡದೆ ಮೂವತ್ತು ಸೆಕೆಂಡು ಕೋಣೆಯ ಸದ್ದನ್ನೇ ಮುದ್ರಿಸಿಕೊಳ್ಳಿ. ಎರಡು ವಾಕ್ಯದ ನಡುವೆ ಕತ್ತರಿಸಿದ ಜಾಗದಲ್ಲಿ ಅದನ್ನು ತುಂಬಬಹುದು, ಹಿನ್ನೆಲೆಯ ಗದ್ದಲ ಅಳಿಸುವಾಗ ಆಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶಕ್ಕೆ ಮಾದರಿಯಾಗಿಯೂ ಕೊಡಬಹುದು. ವಾಟ್ಸಾಪ್ ವಾಯ್ಸ್ ನೋಟಿನಲ್ಲಿ ಮುದ್ರಿಸಬೇಡಿ. ಅದು ದನಿಯನ್ನು ತೀರಾ ಕುಗ್ಗಿಸುತ್ತದೆ, ಆಮೇಲೆ ಹಿಗ್ಗಿಸಲಾಗುವುದಿಲ್ಲ.

ದನಿ ಗುರುತು ಸಿಗಬಾರದೆಂದು ಕೆಲವರು ಕೇಳುತ್ತಾರೆ. ಸ್ವರದ ಮಟ್ಟ ಏರಿಸಿ ಇಳಿಸಿ ಮಾರ್ಪಡಿಸಿದ ದನಿಯನ್ನು ಮೊದಲಿನಂತೆ ಮಾಡುವುದು ಕಷ್ಟವೇನಲ್ಲ. ಇನ್ನೊಬ್ಬರಿಂದ ಓದಿಸುವುದೇ ಕ್ಷೇಮ. ಮುಖ ಮರೆಮಾಡುವಾಗಲೂ ಮಸುಕು ಮಾಡಿದರೆ ಸಾಲದು, ಗಟ್ಟಿ ಬಣ್ಣದ ಪಟ್ಟಿ ಹಾಕಿ ಅಥವಾ ಚಿತ್ರವನ್ನೇ ಬದಲಿಸಿ.

ಚಿತ್ರಗಳಲ್ಲಿ ಎರಡು ಪೇಚಾಟ. ಒಂದು, ನಿರಾಶ್ರಿತರ ಹತ್ತಿರ ಹಳೆಯ ಫೋಟೋ ಇರುವುದಿಲ್ಲ, ಇದ್ದರೂ ನೀರಲ್ಲಿ ನೆನೆದ ಫೋನಿನಲ್ಲಿ ಸಿಕ್ಕಿಕೊಂಡಿರುತ್ತವೆ. ಸ್ಥಳೀಯರ ಹತ್ತಿರ ಬೇಕಾದ ಹಾಗೆ ಇರುತ್ತವೆ. ಈ ಅಂತರ ತೆರೆಯ ಮೇಲೆ ಎದ್ದು ಕಾಣುತ್ತದೆ. ಅದಕ್ಕೇ ಹಳೆಯ ಕುಟುಂಬದ ಫೋಟೋಗಳನ್ನು ಯಾರೂ ಮೂರಕ್ಕಿಂತ ಹೆಚ್ಚು ಬಳಸುವಂತಿಲ್ಲ ಎಂಬ ನಿಯಮ ಮಾಡಿಕೊಳ್ಳಿ. ಉಳಿದದ್ದನ್ನು ಶಿಬಿರದಲ್ಲೇ ಮಾಡಬೇಕು: ಚಿತ್ರ ಬಿಡಿಸುವುದು, ಕಾಗದ ಕತ್ತರಿಸುವುದು, ಕೈಗಳ ಫೋಟೋ, ಬೆಳಕು-ನೆರಳು. ಎರಡನೆಯದು, ಫೋಟೋದೊಳಗೆ ಅಡಗಿರುವ ಮಾಹಿತಿ. ಫೋನಿನ ಲೊಕೇಶನ್ ಚಾಲೂ ಇದ್ದರೆ ಎಲ್ಲಿ, ಯಾವಾಗ ತೆಗೆದದ್ದು ಎಂಬುದು ಫೈಲಿನಲ್ಲೇ ಕೂತಿರುತ್ತದೆ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಅಳಿಸಿಹೋಗುತ್ತದೆ, ಜೊತೆಗೆ ಗುಣಮಟ್ಟವೂ ಇಳಿಯುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಗುಣಮಟ್ಟ ಉಳಿಯುತ್ತದೆ, ಜಾಗದ ಗುರುತೂ ಉಳಿಯುತ್ತದೆ. ಕೇಬಲ್ಲಿನಿಂದಲೇ ಇಳಿಸಿಕೊಂಡು, ಎಡಿಟಿಂಗಿಗೆ ಕೊಡುವ ಮುಂಚೆ ಈ ಅಡಗಿದ ಮಾಹಿತಿ (ಮೆಟಾಡೇಟಾ) ಅಳಿಸುವುದು ಸರಿ. ಹಿನ್ನೆಲೆಯಲ್ಲಿ ಬಸ್ಸಿನ ಬೋರ್ಡು, ಶಾಲೆಯ ಸಮವಸ್ತ್ರ, ಮನೆ ನಂಬರು ಇದೆಯೇ ಎಂದು ಕಣ್ಣಾರೆ ನೋಡುವುದನ್ನು ಯಾವ ತಂತ್ರಾಂಶವೂ ನಿಮ್ಮ ಪರವಾಗಿ ಮಾಡುವುದಿಲ್ಲ.

ಎಡಿಟಿಂಗಿನಲ್ಲಿ ಜೋಡಿಯೊಳಗೆ ಕೆಲಸ ಅದಲುಬದಲಾಗಬೇಕು. ಒಬ್ಬಳ ದನಿಯನ್ನು ಇನ್ನೊಬ್ಬ ಕತ್ತರಿಸುತ್ತಾನೆ, ಹೇಳಿದವಳು ಪಕ್ಕದಲ್ಲೇ ಕೂತು ನೋಡುತ್ತಾಳೆ, ಕಡೆಯ ಮಾತು ಹೇಳಿದವಳದ್ದೇ. ನಿಜವಾದ ಒಡನಾಟ ಹುಟ್ಟುವುದು ಇಲ್ಲಿ, ವೃತ್ತದಲ್ಲಲ್ಲ. ಒಂದು ಜೋಡಿಯನ್ನು ನೋಡಿ: ಸ್ಥಳೀಯ ಹುಡುಗಿ ಆಡಾಸಿಟಿಯಲ್ಲಿ ನಿರಾಶ್ರಿತ ಹುಡುಗನ ದನಿಯ ಅಲೆಯನ್ನು ಹಿಗ್ಗಿಸಿಕೊಂಡು, ವಾಕ್ಯಗಳ ನಡುವಿನ ಉಸಿರನ್ನೆಲ್ಲ ಚೊಕ್ಕಟವಾಗಿ ತೆಗೆಯುತ್ತಾ ಹೋಗುತ್ತಿದ್ದಳು. ಅವನು ಹೆಡ್‌ಫೋನಿನ ಒಂದು ಕಿವಿಯಲ್ಲಿ ಕೇಳುತ್ತಿದ್ದವನು ಪರದೆಯ ಮೇಲೆ ಬೆರಳಿಟ್ಟು, “ಇದನ್ನ ತೆಗೀಬೇಡ, ಇಲ್ಲಿ ನಾನು ಹೇಳ್ಲಾ ಬೇಡ್ವಾ ಅಂತ ಯೋಚಿಸ್ತಿದ್ದೆ” ಅಂದ. ಅವಳು ಕತ್ತರಿಸಿದ್ದನ್ನು ಹಿಂದಕ್ಕೆ ತಂದು, ಆ ಒಂದು ಉಸಿರನ್ನು ಉಳಿಸಿ, ಇನ್ನುಳಿದ ಒಂದೊಂದನ್ನೂ ಅವನನ್ನು ಕೇಳಿ ಕೇಳಿ ತೆಗೆದಳು. ಹೊತ್ತು ಹಿಡಿಯಿತು. ಇಂಥ ಹೊತ್ತಿಗೆ ವೇಳಾಪಟ್ಟಿಯಲ್ಲಿ ಜಾಗ ಇರಬೇಕು. ಒಂದು ಕಥೆಯ ಎಡಿಟಿಂಗಿಗೆ ಆರು ಗಂಟೆಗಿಂತ ಕಡಿಮೆ ಇಟ್ಟರೆ ಕೆಲಸ ಗೊತ್ತಿರುವ ಸಿಬ್ಬಂದಿ ಮೌಸ್ ಕಿತ್ತುಕೊಂಡು ತಾವೇ ಮುಗಿಸುತ್ತಾರೆ, ಶಿಬಿರದ ಉದ್ದೇಶವೂ ಅಲ್ಲಿಗೇ ಮುಗಿಯುತ್ತದೆ.

ತಂತ್ರಾಂಶಕ್ಕೆ ಹಣ ಹಾಕುವ ಅಗತ್ಯವಿಲ್ಲ. ಶಾಟ್‌ಕಟ್, ಕೆಡೆನ್‌ಲೈವ್ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತವೆ. ಫೋನಿನ ವಿಡಿಯೋ ಸೇರಿಸಿದಾಗ ಮಾತು ಮತ್ತು ತುಟಿ ನಿಧಾನವಾಗಿ ಬೇರೆಯಾಗುತ್ತಾ ಹೋದರೆ ಗಾಬರಿ ಬೇಡ: ಫೋನುಗಳು ಫ್ರೇಮ್ ದರವನ್ನು (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದನ್ನು) ಏರಿಳಿಸುತ್ತಾ ಮುದ್ರಿಸುತ್ತವೆ. ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಒಂದೇ ಸ್ಥಿರ ಫ್ರೇಮ್ ದರಕ್ಕೆ ಬದಲಿಸಿಕೊಂಡು ಆಮೇಲೆ ಟೈಮ್‌ಲೈನಿಗೆ ಹಾಕಿ. ಐಫೋನಿನ ಎಚ್‌ಇಐಸಿ ಚಿತ್ರಗಳನ್ನು ಹಳೆಯ ಕಂಪ್ಯೂಟರುಗಳು ತೆರೆಯುವುದಿಲ್ಲ, ಮೊದಲೇ ಜೆಪೆಗ್ ಮಾಡಿಕೊಳ್ಳಿ. ಯೋಜನಾ ಫೈಲು ಚಿತ್ರಗಳನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಅವು ಇರುವ ಜಾಗವನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ. ಚಿತ್ರಗಳ ಫೋಲ್ಡರನ್ನಷ್ಟೇ ಪೆನ್‌ಡ್ರೈವಿನಿಂದ ಡೆಸ್ಕ್‌ಟಾಪಿಗೆ ಸರಿಸಿದರೆ ಎಲ್ಲವೂ ಕಾಣೆಯಾಗಬಹುದು. ಒಬ್ಬರಿಗೊಂದು ಫೋಲ್ಡರು, ಅದರೊಳಗೆ ದನಿ, ಚಿತ್ರ, ಸದ್ದು, ಯೋಜನೆ ಎಂದು ನಾಲ್ಕು ವಿಭಾಗ, ಮೊದಲ ದಿನದಿಂದಲೇ. ಫೋಲ್ಡರಿಗೆ ನಿಜ ಹೆಸರು ಬೇಡ, ಸಂಖ್ಯೆ ಸಾಕು. ಸಂಖ್ಯೆ ಯಾರದು ಎಂಬ ಪಟ್ಟಿ ಬೀಗದೊಳಗೆ ಕಾಗದದಲ್ಲಿರಲಿ.

ಸಂಗೀತದ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ಇಷ್ಟದ ಸಿನಿಮಾ ಹಾಡು ಬೇಡ. ಹಕ್ಕುಸ್ವಾಮ್ಯದ ಕಾರಣ ಯೂಟ್ಯೂಬ್ ಅದನ್ನು ತಾನಾಗಿ ಗುರುತಿಸುತ್ತದೆ. ಜನಪದ ಹಾಡಿನ ಧಾಟಿ ಎಲ್ಲರದಾದರೂ ಅದರ ಧ್ವನಿಮುದ್ರಣಕ್ಕೆ ಒಡೆಯರಿರುತ್ತಾರೆ. ಭಾಗವಹಿಸಿದವರೇ ಗುನುಗಿದ್ದು, ಮೇಜು ಬಡಿದದ್ದು, ಮಳೆಯ ಸದ್ದು ಇದ್ದರೆ ಬೇರೇನೂ ಬೇಕಿಲ್ಲ.

ಸಬ್‌ಟೈಟಲ್ ಎಲ್ಲರ ಅಂದಾಜನ್ನೂ ಮೀರಿ ಬೆಳೆಯಿತು. ಪ್ರತಿ ಕಥೆಗೂ ಕನಿಷ್ಠ ಎರಡು ಭಾಷೆ, ಅಂದರೆ ಹತ್ತು ಕಥೆಗೆ ಇಪ್ಪತ್ತು ಫೈಲು. ಅನುವಾದವನ್ನು ಕಥೆ ಹೇಳಿದವರು ಕೇಳಿ ಒಪ್ಪಬೇಕು, ಆಮೇಲೆ ಯಾವ ಸಾಲು ಯಾವಾಗ ತೆರೆಗೆ ಬರಬೇಕೆಂದು ಸಮಯ ಕೂಡಿಸಬೇಕು. ಯಂತ್ರಾನುವಾದವನ್ನು ಮೊದಲ ಕರಡಿಗೆ ಬಳಸಬಹುದು, ಕಡೆಯ ಪಾಠಕ್ಕಲ್ಲ. ಎರಡು ಸಾಲು ಮೀರದಂತೆ, ಓದಿ ಮುಗಿಸುವಷ್ಟು ಹೊತ್ತು ನಿಲ್ಲುವಂತೆ ನೋಡಿಕೊಳ್ಳಿ. ಸಬ್‌ಟೈಟಲಿನ ಎಸ್‌ಆರ್‌ಟಿ ಫೈಲನ್ನು ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಉಳಿಸದಿದ್ದರೆ ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಅರೇಬಿಕ್, ಫಾರ್ಸಿಯಂಥ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಲ್ಲಿ ಪೂರ್ಣವಿರಾಮ ತಪ್ಪು ತುದಿಗೆ ಹೋಗಿ ಕೂರುತ್ತದೆ. ಕೆಲವು ಎಡಿಟರುಗಳಲ್ಲಿ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಶಿಬಿರಕ್ಕೆ ಮುಂಚೆಯೇ ಪ್ರತಿ ಭಾಷೆಯ ಒಂದು ಸಾಲನ್ನು ಹಲವು ಲಿಪಿಗಳಿರುವ ನೋಟೋ ಫಾಂಟಿನಲ್ಲಿ ಹಾಕಿ ಎಕ್ಸ್‌ಪೋರ್ಟ್ ಮಾಡಿ, ಆ ಭಾಷೆ ಓದುವವರಿಗೆ ತೋರಿಸಿ. ಬರ್ಮೀ ಭಾಷೆಯಲ್ಲಿ ಯೂನಿಕೋಡಿಗೆ ಹೊಂದದ ಹಳೆಯ ಜಾವ್‌ಜಿ ಫಾಂಟಿನ ಪಠ್ಯ ಈಗಲೂ ಸಿಗುತ್ತದೆ. ಮ್ಯಾನ್ಮಾರ್ ಅಧಿಕೃತವಾಗಿ ಯೂನಿಕೋಡಿಗೆ ಬಂದದ್ದು 2019ರ ಅಕ್ಟೋಬರ್ 1ರಂದು. ಕನ್ನಡದ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫೈಲುಗಳನ್ನು ಯೂನಿಕೋಡಿನಲ್ಲಿ ತೆರೆದವರಿಗೆ ಆ ಗೋಜಲು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಮೊದಲು ಪರಿವರ್ತಿಸಿ, ಆಮೇಲೆ ಸಮಯ ಕೂಡಿಸಿ.

ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ದುಭಾಷಿ, ಅನುವಾದ ಮತ್ತು ಓಡಾಟಕ್ಕೆ. ಓಡಾಟದ ಹಣವನ್ನು ಆಮೇಲೆ ಕೊಡುತ್ತೇವೆ ಎನ್ನಬೇಡಿ. ಕೈಯಲ್ಲಿ ಕಾಸಿಲ್ಲದವರು ಮೊದಲ ದಿನವೇ ತಪ್ಪಿಸಿಕೊಳ್ಳುತ್ತಾರೆ, ಕಾರಣ ಹೇಳುವುದಿಲ್ಲ. ಆಶ್ರಯ ಕೋರಿದವರಿಗೆ ದುಡಿಯುವ ಅನುಮತಿ ಇಲ್ಲದಿದ್ದಲ್ಲಿ ಗೌರವಧನ ಕೊಡುವುದೂ ತೊಡಕಾಗಬಹುದು. ಪಾಲುದಾರ ಸಂಸ್ಥೆಯನ್ನು ಕೇಳಿ ಪ್ರಯಾಣ ಭತ್ಯೆ ಅಥವಾ ವಸ್ತು ರೂಪದಲ್ಲಿ ಕೊಡಿ, ಸ್ಥಳೀಯರಿಗೂ ಅಷ್ಟೇ ಕೊಡಿ. ಉಪಕರಣಗಳನ್ನು ಎರವಲು ತರಬಹುದು, ಆಪ್ತ ಸಮಾಲೋಚಕರ ದಿನಗಳನ್ನು ಮಾತ್ರ ಕಡಿತ ಮಾಡಬೇಡಿ. ಶಿಬಿರ ಮುಗಿದ ಮೇಲಿನ ಒಂದೆರಡು ವಾರಕ್ಕೂ ಅವರು ಬೇಕಾಗುತ್ತಾರೆ.

ಎಕ್ಸ್‌ಪೋರ್ಟ್ 1080 ಗಾತ್ರದಲ್ಲಿ, ಎಚ್ 264 ವಿಡಿಯೋ ರೂಪದಲ್ಲಿ, ಸೆಕೆಂಡಿಗೆ 8 ಮೆಗಾಬಿಟ್ ಇದ್ದರೆ ಮೂರು ನಿಮಿಷಕ್ಕೆ ಸುಮಾರು 180 ಎಂಬಿ. ಪ್ರೊಜೆಕ್ಟರಿನಲ್ಲಿ ಹಿಂದಿನ ದಿನವೇ ಓಡಿಸಿ ನೋಡಿ, ಮುಖ್ಯವಾಗಿ ದನಿ ಕೇಳಿ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಸರಿಯಿದ್ದ ಸಂಗೀತ ಸಭಾಂಗಣದಲ್ಲಿ ಮಾತನ್ನು ಮುಳುಗಿಸುತ್ತದೆ.

ಮೊದಲ ಪ್ರದರ್ಶನ ಶಿಬಿರದವರಿಗೆ ಮಾತ್ರ. ಅದಾದ ಮೇಲೆ ಎರಡನೇ ಸುತ್ತಿನ ಒಪ್ಪಿಗೆ. ಕೆಲವರು ಇಲ್ಲಿ ಹಿಂದೆ ಸರಿಯುತ್ತಾರೆ, ಸರಿದವರ ಚಿತ್ರ ಪಟ್ಟಿಯಿಂದ ಸದ್ದಿಲ್ಲದೆ ಹೊರಗೆ ಬರಬೇಕು, ಯಾಕೆಂದು ಕೇಳುವಂತಿಲ್ಲ. ಹಣ ಕೊಟ್ಟವರಿಗೆ ‘ಹತ್ತು ಚಿತ್ರ’ ಎಂದು ಮಾತು ಕೊಟ್ಟಿದ್ದರೆ ಈ ಹೊತ್ತಿನಲ್ಲಿ ಒತ್ತಡ ಬೀಳುತ್ತದೆ. ಹಾಗಾಗಿ ಯೋಜನೆಯಲ್ಲಿ ‘ಹತ್ತು ಜನರ ಶಿಬಿರ’ ಎಂದು ಬರೆಯಿರಿ, ಚಿತ್ರಗಳ ಸಂಖ್ಯೆ ಬರೆಯಬೇಡಿ. ಸಾರ್ವಜನಿಕ ಪ್ರದರ್ಶನದಲ್ಲಿ ನಿರಾಶ್ರಿತರ ಕಥೆ, ಸ್ಥಳೀಯರ ಕಥೆ ಒಂದಾದ ಮೇಲೊಂದು ಬರಲಿ, ಯಾರು ಎಲ್ಲಿಯವರು ಎಂಬ ಶೀರ್ಷಿಕೆ ಬೇಡ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿ, ನಿರೂಪಕರು ಓದಿ ಆರಿಸಲಿ. ಮೈಕು ಸಭೆಗೆ ಹೋದರೆ ಎರಡನೇ ಪ್ರಶ್ನೆಯೇ ‘ವಾಪಸು ಯಾವಾಗ ಹೋಗುತ್ತೀರಿ’ ಎಂದಾಗಬಹುದು. ವರದಿಗಾರರು ಬರುವುದಿದ್ದರೆ ಯಾರ ಫೋಟೋ ತೆಗೆಯಬಾರದು ಎಂಬುದನ್ನು ಬಣ್ಣದ ಪಟ್ಟಿಯಿಂದ ಗುರುತಿಸಿ, ಒಳಗೆ ಬಿಡುವ ಮುಂಚೆ ಹೇಳಿ.

ಕೊನೆಯ ಕೆಲಸ ಫೈಲುಗಳ ವಿಲೇವಾರಿ. ಪ್ರತಿಯೊಬ್ಬರಿಗೂ ಅವರ ಮುಗಿದ ಕಥೆ, ಅವರ ಮೂಲ ದನಿ, ಫೋಟೋಗಳೆಲ್ಲ ಪೆನ್‌ಡ್ರೈವಿನಲ್ಲಿ. ಸಂಸ್ಥೆಯಲ್ಲಿ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಕಟ್ಟಡದಲ್ಲಿ, ಎಲ್ಲಕ್ಕೂ ಪಾಸ್‌ವರ್ಡ್ ಇಲ್ಲದೆ ತೆರೆಯದಂಥ ಗೂಢಲಿಪೀಕರಣ. ಬಳಸದೆ ಉಳಿದ ಮುದ್ರಣಗಳನ್ನು, ಶಿಬಿರದ ಫೋನುಗಳಲ್ಲಿರುವುದನ್ನು, ಕ್ಲೌಡಿಗೆ ತಾನಾಗಿ ಏರಿದ್ದನ್ನು ಗೊತ್ತುಪಡಿಸಿದ ದಿನಾಂಕದೊಳಗೆ ಅಳಿಸಿ, ಅಳಿಸಿದ್ದನ್ನು ಬರೆದಿಡಿ. ತಮ್ಮ ಚಿತ್ರವನ್ನು ಅಳಿಸಿಹಾಕಿ ಎಂದು ಮೂರು ವರ್ಷ ಬಿಟ್ಟು ಯಾರಾದರೂ ಫೋನು ಮಾಡಬಹುದು. ಅಷ್ಟರಲ್ಲಿ ಅವರು ಬೇರೆ ದೇಶದಲ್ಲಿರಬಹುದು, ಫೋನು ನಂಬರು ಬದಲಾಗಿರಬಹುದು. ಅದಕ್ಕೇ ಅವರಿಗೆ ಕೊಟ್ಟ ಕಾಗದದಲ್ಲಿ ವ್ಯಕ್ತಿಯ ಇಮೇಲಿನ ಬದಲು ಸಂಸ್ಥೆಯ ಖಾಯಂ ವಿಳಾಸ ಮತ್ತು ಅವರ ಕಥೆಯ ಸಂಖ್ಯೆ ಇರಬೇಕು. ಆ ವಿಳಾಸಕ್ಕೆ ಬಂದ ಕೋರಿಕೆಯನ್ನು ಯಾರು ನೋಡುತ್ತಾರೆ, ಅವರು ಕೆಲಸ ಬಿಟ್ಟರೆ ಯಾರಿಗೆ ದಾಟಿಸುತ್ತಾರೆ ಎಂಬುದನ್ನು ಶಿಬಿರದ ಲೆಕ್ಕ ಮುಚ್ಚುವ ಮುಂಚೆ ಬರೆದು ಸಹಿ ಮಾಡಿಸಿಕೊಳ್ಳಿ.